ಉಚಿತವಾಗಿ ಸಿಕ್ಕ ಪಾಠ ನಮ್ಮದಾಗಲು ಮೂರು ವರ್ಷ ಹಿಡಿಯಿತು: ಒಂದು ಪ್ರಕರಣ

ಇದು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಗಣಿತ ವಿಭಾಗದಲ್ಲಿ ನಡೆದದ್ದು. ಊರು, ಕಾಲೇಜು, ವಿಶ್ವವಿದ್ಯಾಲಯ ಯಾವುದರ ಹೆಸರನ್ನೂ ಹೇಳುವುದಿಲ್ಲ. ಮಕ್ಕಳ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ನಾನು ಅಲ್ಲಿ ಪಾಠ ಮಾಡುವ ಇಬ್ಬರಲ್ಲಿ ಒಬ್ಬಳು. ಇನ್ನೊಬ್ಬರು ಅತಿಥಿ ಉಪನ್ಯಾಸಕರು, ನಾವೆಲ್ಲ ಸರ್ ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ.

ಬರೆಯುವ ಉದ್ದೇಶ ಇಷ್ಟೇ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪಾಠ ಈಗ ಪುಕ್ಕಟೆ ಸಿಗುತ್ತದೆ, ಅದನ್ನು ನಮ್ಮ ಕ್ಲಾಸಿಗೆ ತರಬೇಕು ಅಂತ ಎಷ್ಟೋ ಮೇಷ್ಟ್ರುಗಳಿಗೆ ಆಸೆ ಇದೆ. ನಮಗೂ ಇತ್ತು. ಮೊದಲೆರಡು ಸಲ ಸೋತೆವು. ಮೂರನೇ ಸಲ ಅರ್ಧ ಗೆದ್ದೆವು. ಎಲ್ಲಿ ಎಡವಿದೆವು, ಎಲ್ಲಿ ದಾರಿ ತಿರುಗಿತು ಅನ್ನೋದು ಬೇರೆಯವರಿಗೆ ಉಪಯೋಗ ಆಗಬಹುದು.

ಹಿನ್ನೆಲೆ

ಬಿಎಸ್ಸಿ ಐದನೇ ಸೆಮಿಸ್ಟರ್. ವಿಷಯ ಲೀನಿಯರ್ ಆಲ್ಜೀಬ್ರಾ, ಅಂದರೆ ಸರಳರೇಖೆಯ ಸಮೀಕರಣ, ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತ. ಕ್ಲಾಸಿನಲ್ಲಿ 28 ಮಕ್ಕಳು. ಬಹುಪಾಲು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿಯಲ್ಲಿ ವಿಜ್ಞಾನ ತಗೊಂಡಾಗ ಇಂಗ್ಲಿಷ್ ಪುಸ್ತಕ ಕೈಗೆ ಬಂತು, ಡಿಗ್ರಿಯಲ್ಲೂ ಅದೇ. ಅರ್ಧಕ್ಕೂ ಹೆಚ್ಚು ಜನ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಆರು ಗಂಟೆಗೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 'ಕ್ಲಾಸು ಮುಗಿದ ಮೇಲೆ ಕೂತು ನೋಡಿ' ಅಂತ ನಾವು ಹಾಕಿದ ಎಲ್ಲ ಯೋಜನೆಗಳೂ ಈ ನಾಲ್ಕೂವರೆ ಬಸ್ಸಿನ ಮುಂದೆ ನಿಲ್ಲಲಿಲ್ಲ.

ಸಮಸ್ಯೆ ನನಗೆ ಸರಿಯಾಗಿ ಕಂಡದ್ದು ಒಂದು ಇಂಟರ್ನಲ್ ಟೆಸ್ಟಿನ ಮರುದಿನ. ಒಂದು ಸೆಟ್ಟು ಸಬ್‌ಸ್ಪೇಸ್ (ಮೂಲಬಿಂದುವೂ ಒಳಗಿದ್ದು, ಒಳಗಿನವುಗಳನ್ನು ಎಷ್ಟು ಕೂಡಿದರೂ ಗುಣಿಸಿದರೂ ಒಳಗೇ ಉಳಿಯುವ ಸೆಟ್ಟು) ಆಗಬೇಕಾದರೆ ಏನೇನು ಇರಬೇಕು ಅನ್ನುವ ಪ್ರಮೇಯ ಇದೆಯಲ್ಲ, ಅದನ್ನು ಒಬ್ಬ ಹುಡುಗಿ ಒಂದಕ್ಷರ ತಪ್ಪಿಲ್ಲದೆ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ಮರುದಿನ ಬೋರ್ಡ್ ಮೇಲೆ ಎರಡು ಅಕ್ಷ ಹಾಕಿ, ಮೂಲಬಿಂದುವಿನ ಮೂಲಕ ಹೋಗದ ಒಂದು ಗೆರೆ ಎಳೆದು, 'ಇದು ಸಬ್‌ಸ್ಪೇಸಾ?' ಅಂತ ಅವಳನ್ನೇ ಕೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, 'ಮೇಡಂ, ಅದು ಗೆರೆ ಅಲ್ವಾ?' ಅಂದಳು.

ಅವಳ ತಪ್ಪಲ್ಲ. ಪ್ರಮೇಯ ಬೇರೆ, ಗೆರೆ ಬೇರೆ ಅಂತಲೇ ನಾವು ಕಲಿಸಿದ್ದೆವು. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಪ್ರಮೇಯ ಕೇಳುತ್ತದೆ, ನಾವು ಪ್ರಮೇಯ ಬರೆಸುತ್ತೇವೆ, ಮಕ್ಕಳು ಬರೆದು ಪಾಸಾಗುತ್ತಾರೆ. ಆ ದಿನ ಸ್ಟಾಫ್ ರೂಮಿನಲ್ಲಿ ನಾನೂ ಸರ್ ಕೂತು ಇದನ್ನೇ ಮಾತಾಡಿದೆವು. ಅವರು, 'ಮೇಡಂ, ಸ್ಟ್ರಾಂಗ್ ಅವರ ಪಾಠ ತೋರಿಸೋಣ' ಅಂದರು.

ಮೊದಲನೇ ವರ್ಷ: ಪರದೆ ಮೇಲೆ ಪಾಠ

ಗಿಲ್ಬರ್ಟ್ ಸ್ಟ್ರಾಂಗ್ ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ 60 ವರ್ಷಕ್ಕೂ ಜಾಸ್ತಿ ಗಣಿತ ಕಲಿಸಿದವರು. ಕೊನೆಯ ಕ್ಲಾಸು ತಗೊಂಡದ್ದು 2023ರ ಮೇ 15ರಂದು. ಅವರ 18.06 ಅನ್ನುವ ಲೀನಿಯರ್ ಆಲ್ಜೀಬ್ರಾ ಕೋರ್ಸಿನ ಪಾಠಗಳನ್ನು 1999ರಲ್ಲಿ ರೆಕಾರ್ಡ್ ಮಾಡಿದ್ದರು. ಎಂಐಟಿ ತನ್ನ ಪಾಠಗಳನ್ನೆಲ್ಲ ಯಾರು ಬೇಕಾದರೂ ನೋಡಲಿ ಅಂತ ತೆರೆದಿಡುತ್ತೇವೆ ಎಂದು ಹೇಳಿದ್ದು 2001ರ ಏಪ್ರಿಲ್‌ನಲ್ಲಿ. ಅದೇ ಓಪನ್‌ಕೋರ್ಸ್‌ವೇರ್. 2002ರಲ್ಲಿ 50 ಕೋರ್ಸ್‌ಗಳಿಂದ ಶುರುವಾಗಿ ಈಗ 2,500 ದಾಟಿದೆ. ಹೆಸರು ನೋಂದಾಯಿಸಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟೂ ಇಲ್ಲ. ಪಾಠದ ವಿಡಿಯೊ, ಅಸೈನ್‌ಮೆಂಟು, ಹಳೆಯ ಪರೀಕ್ಷೆ, ಉತ್ತರ ಎಲ್ಲ ಇಟ್ಟಿದ್ದಾರೆ, ತಗೊಂಡು ಹೋಗಿ ಅಂತಾರೆ.

ನಮ್ಮ ಕಾಲೇಜಿನ ಇಂಟರ್ನೆಟ್ ನಂಬಿ ಕ್ಲಾಸಿನಲ್ಲಿ ನೇರವಾಗಿ ತೋರಿಸುವ ಧೈರ್ಯ ಇರಲಿಲ್ಲ. ಸರ್ ಎರಡು ರಾತ್ರಿ ಕೂತು ತಮ್ಮ ಮೊಬೈಲ್ ಡೇಟಾದಲ್ಲಿ ವಿಡಿಯೊಗಳನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರು. ಇಂಟರ್ನೆಟ್ ಕಷ್ಟ ಇರುವ ಆಫ್ರಿಕಾದ ವಿಶ್ವವಿದ್ಯಾಲಯಗಳಿಗೆ ಎಂಐಟಿಯವರೇ ಪೂರ್ತಿ ಪಾಠಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಸಿ ಕಳಿಸಿದ್ದರು ಅಂತ ಆಮೇಲೆ ಓದಿದೆ. ಅಂದರೆ ಈ ಪೆನ್‌ಡ್ರೈವ್ ದಾರಿ ಕಳ್ಳದಾರಿ ಏನಲ್ಲ.

ಪ್ರೊಜೆಕ್ಟರ್ ಇರುವ ಕೋಣೆಯಲ್ಲಿ ವಾರಕ್ಕೆ ಎರಡು ಪಿರಿಯಡ್. ಮೊದಲ ದಿನ ಎಲ್ಲರಿಗೂ ಖುಷಿ. ಎರಡನೇ ದಿನವೂ ಪರವಾಗಿಲ್ಲ. ಮೂರನೇ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ನೋಟ್‌ಬುಕ್ ನೋಡಿದೆ. ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಸಬ್‌ಟೈಟಲ್ ಅನ್ನು ಒಬ್ಬ ಹುಡುಗ ಬರೆದುಕೊಳ್ಳುತ್ತಿದ್ದ. ಒಂದು ಸಾಲು ಬರೆಯುವಷ್ಟರಲ್ಲಿ ಅದು ಹೋಗಿ ಇನ್ನೊಂದು ಬರುತ್ತಿತ್ತು. ಅವನ ಪುಟದ ತುಂಬ ಅರ್ಧರ್ಧ ವಾಕ್ಯಗಳು. ಪರದೆಯ ಮೇಲಿನ ಚಿತ್ರವನ್ನು ಮಾತ್ರ ಅವನು ಬರೆದುಕೊಂಡಿರಲಿಲ್ಲ. ಚಿತ್ರ ಪರೀಕ್ಷೆಗೆ ಬರಲ್ಲ ಅಂತ ಅವನಿಗೆ ಗೊತ್ತಿತ್ತು.

ಐದನೇ ಪಾಠಕ್ಕೆ ನಿಲ್ಲಿಸಿದೆವು. ಪಾಠದ ದೋಷ ಇದರಲ್ಲಿ ಒಂದಿಷ್ಟೂ ಇಲ್ಲ. ನಾವು ಪ್ರೊಜೆಕ್ಟರ್ ಹಾಕಿ ಪಕ್ಕಕ್ಕೆ ಸರಿದು ನಿಂತುಬಿಟ್ಟಿದ್ದೆವು. ಇನ್ನೊಂದು ಕಾರಣವೂ ಇತ್ತು. ಸ್ಟ್ರಾಂಗ್ ಸಮೀಕರಣ, ಮ್ಯಾಟ್ರಿಕ್ಸ್‌ಗಳಿಂದ ಶುರು ಮಾಡಿ ನಿಧಾನಕ್ಕೆ, ಕೂಡಿಸಬಲ್ಲ, ಸಂಖ್ಯೆಯಿಂದ ಗುಣಿಸಬಲ್ಲ ವೆಕ್ಟರ್‌ಗಳ ಸಮೂಹ ಅನ್ನುವ ವೆಕ್ಟರ್ ಸ್ಪೇಸ್‌ಗೆ ಬರುತ್ತಾರೆ. ನಮ್ಮ ಸಿಲಬಸ್ಸಿನಲ್ಲಿ ಮೊದಲ ದಿನವೇ ವೆಕ್ಟರ್ ಸ್ಪೇಸ್‌ನ ವ್ಯಾಖ್ಯೆ. ಅವರ ಐದು ಪಾಠ ಮುಗಿದಾಗ ನಮ್ಮ ಸಿಲಬಸ್ಸಿನ ಒಂದು ಪುಟವೂ ಮುಗಿದಿರಲಿಲ್ಲ. ಮಕ್ಕಳು ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಮುಖದಲ್ಲಿ ಕಾಣುತ್ತಿತ್ತು, 'ಪೋರ್ಷನ್ ಯಾವಾಗ ಮುಗಿಸ್ತೀರಿ?' ಅಂತ.

ಎರಡನೇ ವರ್ಷ: ಎಲ್ಲರನ್ನೂ ಸೇರಿಸಿದ್ದು

ವಿದೇಶಿ ಉಚ್ಚಾರಣೆ ಕಷ್ಟ ಆಗಿರಬೇಕು, ನಮ್ಮ ದೇಶದ್ದೇ ಪಾಠ ಹಾಕೋಣ ಅಂತ ಮುಂದಿನ ವರ್ಷ ಎನ್‌ಪಿಟಿಇಎಲ್ ಕಡೆ ಹೋದೆವು. ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಉಚಿತ ವಿಡಿಯೊ ಪಾಠಗಳ ಕೆಲಸ ಅದು. 2014ರಿಂದ ವಾರವಾರ ಅಸೈನ್‌ಮೆಂಟು, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು ಅಂತ ಕೋರ್ಸಿನ ರೂಪದಲ್ಲೂ ನಡೆಸುತ್ತಾರೆ. 2017ರಲ್ಲಿ ಬಂದ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯಲ್ಲಿ ಇವೆಲ್ಲ ಸಿಗುತ್ತವೆ. ಸೇರುವುದಕ್ಕೆ ದುಡ್ಡಿಲ್ಲ. ಪರೀಕ್ಷೆ ಬರೆಯಬೇಕು ಅಂದರೆ ಮಾತ್ರ ಶುಲ್ಕ, ನಾವು ಸೇರಿದಾಗ ಒಂದು ಕೋರ್ಸಿಗೆ 1,000 ರೂಪಾಯಿ ಇತ್ತು. 12 ವಾರದ ಕೋರ್ಸಾದರೆ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟುಗಳನ್ನು 25 ಅಂಕಕ್ಕೆ ಇಳಿಸುತ್ತಾರೆ, ಪರೀಕ್ಷೆಗೆ 75. ಪಾಸಾಗಬೇಕಾದರೆ 25ಕ್ಕೆ 10, 75ಕ್ಕೆ 30 ಎರಡೂ ಬರಬೇಕು.

ನಾವು ಒಂದು ಮಧ್ಯಾಹ್ನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ಇಡೀ ಕ್ಲಾಸನ್ನು ಸೇರಿಸಿಬಿಟ್ಟೆವು. ಅವತ್ತು ನಮಗೇ ಹೆಮ್ಮೆ. ಪ್ರಾಂಶುಪಾಲರಿಗೂ ಹೆಮ್ಮೆ, ಫೋಟೊ ತೆಗೆಸಿದರು.

ನಾಲ್ಕನೇ ವಾರಕ್ಕೆ ಒಂದು ವಿಚಿತ್ರ ಗಮನಕ್ಕೆ ಬಂತು. ಅಸೈನ್‌ಮೆಂಟಿನಲ್ಲಿ ಎಲ್ಲರಿಗೂ ಒಳ್ಳೆಯ ಅಂಕ, ತಪ್ಪಾದ ಕಡೆ ಎಲ್ಲರದೂ ಒಂದೇ ತಪ್ಪು. ಉತ್ತರಗಳು ಒಂದು ಟೆಲಿಗ್ರಾಂ ಗುಂಪಿನಲ್ಲಿ ಬರುತ್ತಿದ್ದವು. ಒಬ್ಬ ನೋಡಿ ಉಳಿದವರಿಗೆ ಕಳಿಸುತ್ತಿದ್ದ. ನಾನು ಬೈಯುವುದಕ್ಕೆ ಹೊರಟೆ. ಸರ್ ತಡೆದರು. 'ಮೇಡಂ, ಅವರು ಕೇಳಿ ಸೇರಿದ್ದಲ್ಲ, ನಾವು ಸೇರಿಸಿದ್ದು. ನಾವು ಕೊಟ್ಟ ಕೆಲಸವನ್ನು ಬೇಗ ಮುಗಿಸೋ ದಾರಿ ಹುಡುಕಿದ್ದಾರೆ ಅಷ್ಟೇ' ಅಂದರು. ಆ ಮಾತು ನನಗೆ ಇವತ್ತಿಗೂ ಸರಿ ಅನಿಸುತ್ತದೆ.

ಕೊನೆಗೆ ಪರೀಕ್ಷೆಗೆ ದುಡ್ಡು ಕಟ್ಟಿದವರು ಇಬ್ಬರು. ಇಬ್ಬರೂ ಜಿಲ್ಲಾ ಕೇಂದ್ರದ ಆಚೆ ಇದ್ದ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆದು ಪಾಸಾದರು. ಮೊದಲಿನಿಂದಲೂ ಲೈಬ್ರರಿಯಲ್ಲಿ ತಾವಾಗೇ ಕೂತು ವಿಡಿಯೊ ನೋಡುತ್ತಿದ್ದವರು ಅವರೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರ ತನಕ ಕೋರ್ಸ್‌ಗಳನ್ನು ಸ್ವಯಂ ಮೂಲಕ ಮಾಡಿ ಅಂಕ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಆಗ ಆ ವ್ಯವಸ್ಥೆ ಇನ್ನೂ ಆಗಿರಲಿಲ್ಲ. ಹಾಗಾಗಿ ಉಳಿದ ಮಕ್ಕಳಿಗೆ ಸಾವಿರ ರೂಪಾಯಿ ಕೊಡಲು ಕಾರಣವೇ ಇರಲಿಲ್ಲ. ಒಂದು ಸಾವಿರ ಅಂದರೆ ಅವರಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನ ಮೂರ್ನಾಲ್ಕು ದಿನದ ಕೂಲಿ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಇಡೀ ಕ್ಲಾಸನ್ನು ಸೇರಿಸಬೇಡಿ. ಬೇಕು ಅನ್ನುವ ಇಬ್ಬರು ಮೂವರನ್ನು ಗುರುತಿಸಿ, ಅವರ ಶುಲ್ಕಕ್ಕೆ ದಾರಿ ಮಾಡಿ, ಪರೀಕ್ಷೆಗೆ ಹೋಗುವ ದಿನ ಬಸ್ಸಿನ ವಿಷಯ ವಿಚಾರಿಸಿ. ಆ ಇಬ್ಬರಿಗೆ ಈ ಕೋರ್ಸ್ ನಿಜವಾಗಲೂ ದೊಡ್ಡದು.

ದಾರಿ ತಿರುಗಿದ್ದು

ಅದೇ ವರ್ಷ ನವೆಂಬರಿನಲ್ಲಿ ಒಂದು ಸಂಜೆ ಕರೆಂಟು ಹೋಗಿತ್ತು. ಸ್ಟಾಫ್ ರೂಮಿನಲ್ಲಿ ಸರ್ ಲ್ಯಾಪ್‌ಟಾಪಿನಲ್ಲಿ ಸ್ಟ್ರಾಂಗ್ ಅವರ ಮೊದಲನೇ ಪಾಠವನ್ನು ತಮ್ಮ ಪಾಡಿಗೆ ಮತ್ತೆ ನೋಡುತ್ತಿದ್ದರು. ಒಂದು ಹಾಳೆ ಮೇಲೆ ಎರಡು ಸಮೀಕರಣ ಬರೆದು ನನ್ನ ಮುಂದೆ ಇಟ್ಟರು:

2x − y = 0
−x + 2y = 3

'ಇದನ್ನ ನೀವು ಹೇಗೆ ಬೋರ್ಡ್ ಮೇಲೆ ಮಾಡ್ತೀರಿ?' ಅಂದರು. ಎರಡು ಗೆರೆ ಎಳೀತೀನಿ, ಅವು ಸೇರುವ ಜಾಗ x = 1, y = 2, ಅಂದೆ. ಎಲ್ಲರೂ ಹಾಗೇ ಮಾಡುವುದು. ಇದು ಅಡ್ಡಸಾಲುಗಳ ಲೆಕ್ಕ, ಒಂದೊಂದು ಸಾಲಿಗೆ ಒಂದೊಂದು ಗೆರೆ. ಅವರು ಅದೇ ಹಾಳೆಯಲ್ಲಿ ಕಂಬಸಾಲುಗಳನ್ನು ಬೇರೆ ಮಾಡಿ ಬರೆದರು. x ಜೊತೆ ಇರುವುದು (2, −1). y ಜೊತೆ ಇರುವುದು (−1, 2). ಮುಟ್ಟಬೇಕಾದದ್ದು (0, 3). ಮೊದಲನೆಯದನ್ನು ಎಷ್ಟು ಸಲ, ಎರಡನೆಯದನ್ನು ಎಷ್ಟು ಸಲ ಕೂಡಿದರೆ ಅಲ್ಲಿಗೆ ಹೋಗುತ್ತೇವೆ? ಒಂದು ಸಲ ಇದು, ಎರಡು ಸಲ ಅದು.

ಹನ್ನೊಂದು ವರ್ಷ ಪಾಠ ಮಾಡಿದ್ದೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತಲ್ಲ, ಪುಸ್ತಕದಲ್ಲಿ ಲೀನಿಯರ್ ಕಾಂಬಿನೇಷನ್ ಅಂತ ಬರುತ್ತಲೇ ಇತ್ತು. ಆದರೆ ಇದರಿಂದ ಶುರು ಮಾಡಿದರೆ ಸ್ಪ್ಯಾನ್ (ಎಲ್ಲೆಲ್ಲಿ ಮುಟ್ಟಬಹುದು), ಡಿಪೆಂಡೆನ್ಸ್ (ಒಂದು ಇನ್ನೊಂದರಿಂದಲೇ ಬರುವುದು), ಬೇಸಿಸ್ (ಎಲ್ಲ ಕಡೆ ಮುಟ್ಟಲು ಬೇಕಾದಷ್ಟೇ ವೆಕ್ಟರ್‌ಗಳು) ಎಲ್ಲವೂ ಒಂದೇ ಚಿತ್ರದೊಳಗೆ ಬಂದು ಕೂರುತ್ತವೆ ಅನ್ನೋದು ಹೊಳೆದಿರಲಿಲ್ಲ. ನಾವು ಎರಡು ವರ್ಷ ಇಂಥ ಪಾಠಗಳನ್ನು ಮಕ್ಕಳ ಮುಂದೆ ಇಟ್ಟಿದ್ದೆವು, ಮೊದಲು ಅವು ಬೇಕಾಗಿದ್ದದ್ದು ನಮಗೆ.

ಮರುದಿನ ಪ್ರೊಜೆಕ್ಟರ್ ತೆಗೆಯಲಿಲ್ಲ. ಮಕ್ಕಳನ್ನು ಕಾರಿಡಾರಿಗೆ ಕರೆದುಕೊಂಡು ಹೋದೆವು. ಇಬ್ಬರು ಹುಡುಗಿಯರಿಗೆ ಸೀಮೆಸುಣ್ಣ ಕೊಟ್ಟು, ಚುಕ್ಕಿ ರಂಗೋಲಿಗೆ ಹಾಕುವ ಹಾಗೆ ಒಂಬತ್ತಕ್ಕೆ ಒಂಬತ್ತು ಚುಕ್ಕಿ ಇಡಿ ಅಂದೆವು. ಒಂದೊಂದು ಚುಕ್ಕಿಗೂ ಒಂದೊಂದು ಹೆಜ್ಜೆಯಷ್ಟು ದೂರ. ನಡುವಿನ ಚುಕ್ಕಿ ಮೂಲಬಿಂದು. 'ಗೆರೆ ಅಲ್ವಾ' ಅಂದಿದ್ದ ಹುಡುಗಿ ಅಷ್ಟು ಹೊತ್ತಿಗೆ ಪಾಸಾಗಿ ಹೋಗಿದ್ದಳು, ಇದು ಅವಳ ಮುಂದಿನ ಬ್ಯಾಚು. ಒಬ್ಬಳನ್ನು ನಡುವೆ ನಿಲ್ಲಿಸಿ ಹೇಳಿದೆ: ನಿನ್ನ ಹತ್ತಿರ ಎರಡೇ ನಡಿಗೆ ಇದೆ. ಒಂದು, ಬಲಕ್ಕೆ ಎರಡು ಚುಕ್ಕಿ, ಹಿಂದಕ್ಕೆ ಒಂದು. ಇನ್ನೊಂದು, ಎಡಕ್ಕೆ ಒಂದು ಚುಕ್ಕಿ, ಮುಂದಕ್ಕೆ ಎರಡು. ನೇರ ಮುಂದೆ ಇರುವ ಮೂರನೇ ಚುಕ್ಕಿಗೆ ಹೋಗು.

ಅವಳು ಮೊದಲನೇ ನಡಿಗೆ ನಡೆದಳು. (2, −1). ನಿಂತು ನೋಡಿದಳು. ಎರಡನೇ ನಡಿಗೆ ನಡೆದಳು, (1, 1). ಇನ್ನೊಂದು ಸಲ ಅದೇ ನಡಿಗೆ. ಬಂದು ನಿಂತದ್ದು ಸರಿಯಾಗಿ ಮೂರನೇ ಚುಕ್ಕಿಯ ಮೇಲೆ. ಪಕ್ಕದಲ್ಲಿ ನಿಂತಿದ್ದ ಹುಡುಗ, 'x ಒಂದು, y ಎರಡು!' ಅಂತ ಕೂಗಿದ.

ಆಮೇಲೆ ಎರಡನೇ ನಡಿಗೆ ಬದಲಾಯಿಸಿದೆವು. ಈಗ ಅದು (−4, 2), ಅಂದರೆ ಎಡಕ್ಕೆ ನಾಲ್ಕು, ಮುಂದಕ್ಕೆ ಎರಡು. ಅದೇ ಚುಕ್ಕಿಗೆ ಹೋಗು ಅಂದೆವು. ಅವಳು ಹೋದಳು, ಬಂದಳು, ಮತ್ತೆ ಹೋದಳು. ನಾವು ಏನೂ ಹೇಳಲಿಲ್ಲ. ಎರಡು ನಿಮಿಷ ಆದ ಮೇಲೆ, 'ಮೇಡಂ, ಆಗಲ್ಲ. ಎಷ್ಟು ಸಲ ನಡೆದರೂ ಇದೇ ಗೆರೆ ಮೇಲೇ ಇರ್ತೀನಿ' ಅಂದಳು. ಲೀನಿಯರ್ ಡಿಪೆಂಡೆನ್ಸ್ ಅನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆ ಗೆರೆ ಮೂಲಬಿಂದುವಿನ ಮೇಲೆ ಹೋಗುತ್ತಿತ್ತು. ಅದನ್ನು ತೋರಿಸಿ ಇದು ಸಬ್‌ಸ್ಪೇಸ್ ಅಂದೆ. ಪಕ್ಕದಲ್ಲೇ ಮೂಲಬಿಂದುವಿಗೆ ಸೇರದ ಇನ್ನೊಂದು ಗೆರೆ ಎಳೆದೆ, (0, 1), (1, 2) ಇರುವ ಗೆರೆ. ಅವೆರಡನ್ನೂ ಕೂಡಿದರೆ (1, 3). ಅದು ಗೆರೆಯಿಂದ ಆಚೆ ಬಿತ್ತು. ಹಿಂದಿನ ವರ್ಷದ ಆ ಹುಡುಗಿ ಅಲ್ಲಿ ಇರಬೇಕಿತ್ತು ಅನಿಸಿತು.

ನಮ್ಮದೇ ಹಾಳೆಗಳು

ಇಲ್ಲಿಂದ ನಿರ್ಧಾರ ಸ್ಪಷ್ಟವಾಯಿತು. ಕೋರ್ಸನ್ನು ಹಾಗೇ ಎತ್ತಿಕೊಂಡು ಬರುವುದು ಬೇಡ. ನಮ್ಮ ಸಿಲಬಸ್ಸಿನ ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ, ಎರಡು ಬದಿ. ಒಂದು ಚಿತ್ರ, ಅದರ ವಿವರಣೆ ಕನ್ನಡದಲ್ಲಿ, ಪರೀಕ್ಷೆಗೆ ಬರೆಯಬೇಕಾದ ಪ್ರಮೇಯ ಇಂಗ್ಲಿಷಿನಲ್ಲಿ, ಕೆಳಗೆ ಮೂರು ಲೆಕ್ಕ. ಶನಿವಾರ ಮಧ್ಯಾಹ್ನ ಇಬ್ಬರೂ ಕೂತು ಬರೆಯುತ್ತಿದ್ದೆವು. ಒಂದು ಹಾಳೆಗೆ ಆರೇಳು ಗಂಟೆ ಹಿಡಿಯುತ್ತಿತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಹದಿನಾಲ್ಕು ಹಾಳೆ ಆದವು.

ಭಾಷೆಯಲ್ಲಿ ಮೊದಲೇ ಒಂದು ಪಾಠ ಕಲಿತೆವು. ಮೊದಲನೇ ಹಾಳೆಯಲ್ಲಿ ಶ್ರದ್ಧೆಯಿಂದ 'ಸದಿಶಾಕಾಶ', 'ಆಧಾರ', 'ಏಕಘಾತ ಸಂಯೋಜನೆ' ಅಂತ ಬರೆದಿದ್ದೆವು. ಮಕ್ಕಳು ಕನ್ನಡದ ಹಾಳೆಯನ್ನು ನಮ್ಮ ಹತ್ತಿರ ತಂದು, 'ಇದರ ಅರ್ಥ ಹೇಳಿ ಮೇಡಂ' ಅಂದರು. ಬದಲಾಯಿಸಿದೆವು. ವೆಕ್ಟರ್ ಸ್ಪೇಸ್, ಬೇಸಿಸ್ ಅಂತ ಕನ್ನಡ ಅಕ್ಷರದಲ್ಲಿ ಬರೆದು, ವಿವರಣೆಯನ್ನು ಮಾತ್ರ ನಾವು ಕ್ಲಾಸಿನಲ್ಲಿ ಆಡುವ ಹಾಗೆ ಬರೆದೆವು. ಅಡ್ಡಸಾಲು, ಕಂಬಸಾಲು ಮಾತ್ರ ಹಾಗೇ ಇಟ್ಟುಕೊಂಡೆವು, ಯಾಕೆಂದರೆ ಆ ಪದಗಳನ್ನು ಅವರು ಮೊದಲೇ ಬಲ್ಲವರು. ಕನ್ನಡದ ಪದಗಳ ಮೇಲೆ ನನಗೂ ಪ್ರೀತಿ ಇದೆ. ಆದರೆ ಅರ್ಥ ಆಗಬೇಕಾದ ಜಾಗದಲ್ಲಿ ಅಡ್ಡಿ ಆಗಬಾರದು, ಅಲ್ವಾ.

ಲೆಕ್ಕಗಳು ಎಲ್ಲಿಂದ ತರುವುದು? ಓಪನ್‌ಕೋರ್ಸ್‌ವೇರಿನಲ್ಲಿ ಸ್ಟ್ರಾಂಗ್ ಅವರ ಕೋರ್ಸಿನ ಒಂದಕ್ಕಿಂತ ಹೆಚ್ಚು ರೂಪ ಇದೆ. ತಾವಾಗೇ ಕಲಿಯುವವರಿಗೆ ಅಂತ 2011ರಲ್ಲಿ ಮಾಡಿದ 18.06ಎಸ್‌ಸಿ ಅನ್ನುವುದರಲ್ಲಿ ಲೆಕ್ಕ, ಉತ್ತರ ಎರಡೂ ಇವೆ. ಅವರ ಪಠ್ಯಪುಸ್ತಕ ಮಾತ್ರ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು, ಅದು ಈ ಉಚಿತ ಲೆಕ್ಕದಲ್ಲಿ ಬರುವುದಿಲ್ಲ. ಪೂರ್ತಿ ಉಚಿತ ಪುಸ್ತಕ ಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ಜಿಮ್ ಹೆಫರಾನ್ ಅವರ ಲೀನಿಯರ್ ಆಲ್ಜೀಬ್ರಾ. ಅಮೆರಿಕದ ವರ್ಮಾಂಟ್‌ನ ಗಣಿತದ ಮೇಷ್ಟ್ರು. ಪ್ರತಿಯೊಂದು ಲೆಕ್ಕಕ್ಕೂ ಉತ್ತರ ಕೊಟ್ಟಿದ್ದಾರೆ, ಪುಸ್ತಕದ ಲೇಟೆಕ್ ಕಡತಗಳನ್ನೂ (ಪುಟ ಜೋಡಿಸಲು ಬಳಸಿದ ಮೂಲ ಫೈಲುಗಳು) ಕೊಟ್ಟಿದ್ದಾರೆ, ಬೇಕಾದ ಹಾಗೆ ತಿದ್ದಿಕೊಳ್ಳಿ ಅಂತ. ನಮ್ಮ ಸಿಲಬಸ್ಸಿಗೂ ಅದು ಹತ್ತಿರ. ಎರಡರಿಂದಲೂ ಲೆಕ್ಕ ಆರಿಸಿ, ಸಂಖ್ಯೆ ಬದಲಾಯಿಸಿ, ಕನ್ನಡ ಮಾಡಿ ಹಾಕಿದೆವು.

ಲೈಸೆನ್ಸಿನ ಗೋಜಲು

ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಉಚಿತ ಅಂದರೆ ಏನು ಬೇಕಾದರೂ ಮಾಡಬಹುದು ಅಂತ ನಾವೂ ತಿಳಿದಿದ್ದೆವು.

ಮೂರನೇ ವರ್ಷದ ಶುರುವಿನಲ್ಲಿ ಎರಡು ಘಟನೆ ಒಟ್ಟಿಗೆ ಆದವು. ಒಂದು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಹದಿನಾಲ್ಕು ಹಾಳೆಗಳಿಗೆ ಸ್ಪೈರಲ್ ಬೈಂಡಿಂಗ್ ಹಾಕಿ, ಬಣ್ಣದ ಮುಖಪುಟ ಅಂಟಿಸಿ, 80 ರೂಪಾಯಿಗೆ ಮಾರುತ್ತಿದ್ದರು. ಎರಡು, ಬೇರೆ ಕಾಲೇಜಿನ ಒಬ್ಬ ಮೇಡಂ ಫೋನ್ ಮಾಡಿ, ನಿಮ್ಮ ಹಾಳೆಗಳನ್ನು ತಿದ್ದಿಕೊಂಡು ನಮ್ಮ ಮಕ್ಕಳಿಗೆ ಕೊಡಲಾ ಅಂತ ಕೇಳಿದರು. ನಾನು ಧಾರಾಳವಾಗಿ ತಗೊಳ್ಳಿ ಅಂದೆ. ಪಕ್ಕದಲ್ಲಿದ್ದ ನಮ್ಮ ಲೈಬ್ರರಿಯನ್, 'ಇದರ ಮೇಲೆ ಯಾವ ಲೈಸೆನ್ಸ್ ಹಾಕಿದ್ದೀರಿ?' ಅಂದರು. ಯಾವುದೂ ಹಾಕಿರಲಿಲ್ಲ.

ಕೂತು ಓದಿದೆವು. ಎಂಐಟಿಯ ಪಾಠಗಳು, ತಮ್ಮ ಕೃತಿಯನ್ನು ಹಂಚಿಕೊಳ್ಳುವವರಿಗೆಂದೇ ಲೈಸೆನ್ಸ್‌ಗಳನ್ನು ಮಾಡಿಟ್ಟಿರುವ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎನ್‌ಸಿ-ಎಸ್‌ಎ ಲೈಸೆನ್ಸಿನಲ್ಲಿವೆ. ಅಂದರೆ ಮೂಲದವರ ಹೆಸರು ಹೇಳಬೇಕು, ಲಾಭಕ್ಕೆ ಮಾರಬಾರದು, ತಿದ್ದಿ ಹಂಚುವುದಾದರೆ ಅದೇ ಲೈಸೆನ್ಸಿನಲ್ಲೇ ಹಂಚಬೇಕು. ಹೆಫರಾನ್ ಪುಸ್ತಕ ಬಿವೈ-ಎಸ್‌ಎ ಲೈಸೆನ್ಸಿನಲ್ಲಿ ಸಿಗುತ್ತದೆ. ಅದರಲ್ಲಿ ಮಾರಬಾರದು ಅನ್ನುವ ಷರತ್ತಿಲ್ಲ, ಆದರೆ ತಿದ್ದಿದ್ದನ್ನು ಅದೇ ಲೈಸೆನ್ಸಿನಲ್ಲಿ ಕೊಡಬೇಕು, ಹೊಸ ಷರತ್ತು ಸೇರಿಸಬಾರದು. ಈಗ ನೋಡಿ, ಎರಡನ್ನೂ ಕಲಸಿ ಒಂದೇ ಹಾಳೆ ಮಾಡಿದರೆ ಆ ಹಾಳೆಗೆ ಯಾವ ಲೈಸೆನ್ಸ್ ಹಾಕುವುದು? ಒಂದು ಮಾರಬಾರದು ಅನ್ನುತ್ತದೆ, ಇನ್ನೊಂದು ಆ ಷರತ್ತು ಹಾಕಬಾರದು ಅನ್ನುತ್ತದೆ. ಎರಡನ್ನೂ ಪಾಲಿಸುವುದಕ್ಕೆ ಆಗುವುದಿಲ್ಲ. ನಮ್ಮ ಹದಿನಾಲ್ಕರಲ್ಲಿ ಒಂಬತ್ತು ಹಾಳೆ ಹೀಗೆ ಕಲಸಿದ್ದವು.

ದಸರಾ ರಜೆಯಲ್ಲಿ ಬಿಡಿಸಿ ಬರೆದೆವು. ವಿವರಣೆ ಮತ್ತು ಅಭ್ಯಾಸದ ಲೆಕ್ಕ ಇರುವ ಮುಖ್ಯ ಹಾಳೆಗಳಲ್ಲಿ ನಮ್ಮದು ಮತ್ತು ಹೆಫರಾನ್ ಅವರದು ಮಾತ್ರ, ಬಿವೈ-ಎಸ್‌ಎ. ಎಂಐಟಿಯಿಂದ ತಗೊಂಡ ಲೆಕ್ಕಗಳೆಲ್ಲ ಬೇರೆ ಹಾಳೆಗಳಿಗೆ ಹೋದವು, ಬಿವೈ-ಎನ್‌ಸಿ-ಎಸ್‌ಎ. ಒಂದೊಂದು ಪುಟದ ಅಡಿಯಲ್ಲೂ ಎಲ್ಲಿಂದ ತಗೊಂಡದ್ದು, ಏನು ಬದಲಾಯಿಸಿದ್ದು ಅಂತ ಒಂದು ಸಾಲು. ಮೊದಲ ದಿನವೇ ಈ ಸಾಲು ಬರೆದಿದ್ದರೆ ಒಂದು ರಜೆ ಉಳಿಯುತ್ತಿತ್ತು. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಅಂಗಡಿಯವರ ಹತ್ತಿರ ನಾನೇ ಹೋದೆ. 'ಎಲ್ಲಾ ನೋಟ್ಸೂ ಹೀಗೇ ಅಲ್ವಾ ಮೇಡಂ ಮಾರೋದು?' ಅಂದರು. ಅವರ ದೃಷ್ಟಿಯಲ್ಲಿ ಅದು ನಿಜ. ಇದು ಹಾಗಲ್ಲ, ಒಬ್ಬರು ಪುಕ್ಕಟೆ ಕೊಟ್ಟದ್ದನ್ನು ನಾವು ಪುಕ್ಕಟೆ ಮುಂದೆ ಕೊಡುತ್ತೇವೆ ಅಂತ ಮಾತು ಕೊಟ್ಟು ತಂದದ್ದು ಅಂತ ಹೇಳಿದೆ. ಈಗ ಮುಖಪುಟ ಇಲ್ಲ. ಬೇರೆ ಎಲ್ಲದಕ್ಕೂ ತಗೊಳ್ಳುವ ಹಾಗೆ ಪುಟದ ಲೆಕ್ಕದಲ್ಲಿ ಜೆರಾಕ್ಸ್ ದುಡ್ಡು ಮಾತ್ರ ತಗೊಳ್ಳುತ್ತಾರೆ.

ಆ ಇನ್ನೊಂದು ಕಾಲೇಜಿನ ಮೇಡಂಗೆ ಫೈಲ್ ಕಳಿಸಿದಾಗ ಮತ್ತೊಂದು ತೊಂದರೆ ಬಂತು. ನಾವು ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ್ದು) ಟೈಪ್ ಮಾಡಿದ್ದೆವು. ಪಿಡಿಎಫ್ ಚೆನ್ನಾಗೇ ಕಾಣುತ್ತಿತ್ತು. ತಿದ್ದುವುದಕ್ಕೆ ವರ್ಡ್ ಫೈಲ್ ತೆರೆದರೆ ಅವರ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ತೆರೆದಿಟ್ಟ ಪಾಠ ಅಂತ ಹೆಸರು, ತೆರೆದು ನೋಡಿದರೆ ಓದುವುದಕ್ಕೇ ಬರಲ್ಲ. ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲಾದರೂ ಓದಲು ಬರುವ ಯೂನಿಕೋಡಿಗೆ ಬದಲಾಯಿಸಿದೆವು. ಒತ್ತಕ್ಷರ, ಅರ್ಕಾವತ್ತು ತಪ್ಪಿದ ಕಡೆ ಮಕ್ಕಳೇ ಕೂತು ಸರಿ ಮಾಡಿದರು.

ಏನಾಯಿತು

ಪಾಸಾದವರ ಸಂಖ್ಯೆಯಲ್ಲಿ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಅದು ಮೊದಲೂ ಸುಮಾರಾಗಿತ್ತು, ಈಗಲೂ ಸುಮಾರಾಗಿದೆ. ಹಾಳೆಗಳನ್ನು ಮೊದಲ ಸಲ ಪೂರ್ತಿ ಬಳಸಿದ ವರ್ಷ ಚಿತ್ರಗಳಿಗೆ ಸಮಯ ಕೊಟ್ಟು ಎರಡು ಪ್ರಮೇಯಗಳ ಸಾಧನೆ ಬಿಟ್ಟುಹೋಯಿತು. ಅದರಲ್ಲಿ ಒಂದು ಪರೀಕ್ಷೆಗೆ ಬಂತು. ಮಕ್ಕಳು ಬೇಜಾರು ಮಾಡಿಕೊಂಡರು, ಅವರ ಬೇಜಾರು ನ್ಯಾಯವಾದದ್ದು. ಈಗ ಯಾವ ಹಾಳೆಗೆ ಎಷ್ಟು ಪಿರಿಯಡ್ ಅಂತ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ, ಆ ಎರಡು ಪ್ರಮೇಯಗಳಿಗೆ ಬೇರೆಯೇ ದಿನ ಇದೆ.

ಬದಲಾದದ್ದು ಬೇರೆ ಕಡೆ. ಇಂಟರ್ನಲ್ ಟೆಸ್ಟಿನಲ್ಲಿ ಈಗ ಒಂದು ಚಿತ್ರದ ಪ್ರಶ್ನೆ ಇಡುತ್ತೇನೆ. ಮೊದಲಾದರೆ ಆ ಜಾಗ ಖಾಲಿ ಬಿಡುತ್ತಿದ್ದರು. ಈಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಏನಾದರೂ ಎಳೆದು ತೋರಿಸುತ್ತಾರೆ, ತಪ್ಪಾದರೂ ಎಲ್ಲಿ ತಪ್ಪಿತು ಅಂತ ನನಗೆ ಕಾಣುತ್ತದೆ. ಸ್ಟ್ರಾಂಗ್ ಅವರ ವಿಡಿಯೊಗಳೂ ವಾಪಸ್ ಬಂದಿವೆ, ಐವತ್ತು ನಿಮಿಷದ್ದಲ್ಲ, ಆರೇಳು ನಿಮಿಷದ ತುಣುಕು. ಹಾಳೆ ಮುಗಿದ ಮೇಲೆ ತೋರಿಸುತ್ತೇವೆ. ವಿಷಯ ಗೊತ್ತಿರುವುದರಿಂದ ಇಂಗ್ಲಿಷ್ ಅಡ್ಡ ಬರುವುದಿಲ್ಲ. ಒಬ್ಬಳು, 'ಅವರು ನಮ್ಮ ರಂಗೋಲಿ ಲೆಕ್ಕಾನೇ ಮಾಡ್ತಿದಾರೆ' ಅಂದಳು.

ಒಂದು ಮಾತು ಹೇಳಲೇಬೇಕು. ಓದುವವರಿಗೆ ಇದು ಉಚಿತ, ಮಾಡುವವರಿಗೆ ಅಲ್ಲ. ಹದಿನಾಲ್ಕು ಹಾಳೆಗೆ ಇಬ್ಬರದೂ ಸೇರಿ ನೂರು ಗಂಟೆಯ ಹತ್ತಿರ ಹೋಗಿದೆ. ನನಗೆ ತಿಂಗಳ ಸಂಬಳ ಬರುತ್ತದೆ. ಸರ್‌ಗೆ ಬರುತ್ತಿದ್ದದ್ದು ಅತಿಥಿ ಉಪನ್ಯಾಸಕರ ಗೌರವಧನ, ಅದೂ ವರ್ಷದ ಎಲ್ಲ ತಿಂಗಳು ಅಲ್ಲ. ಆ ಶನಿವಾರಗಳಿಗೆ ಅವರಿಗೆ ಯಾರೂ ಏನೂ ಕೊಡಲಿಲ್ಲ. ಇಂಥ ಕೆಲಸವನ್ನು ಕಾಲೇಜುಗಳು ಕೆಲಸ ಅಂತ ಲೆಕ್ಕಕ್ಕೆ ತಗೊಳ್ಳಬೇಕು, ಅದರಲ್ಲೂ ಅತಿಥಿ ಉಪನ್ಯಾಸಕರ ವಿಷಯದಲ್ಲಿ. ಇದನ್ನು ನಾನು ಸಿಕ್ಕ ಸಭೆಗಳಲ್ಲೆಲ್ಲ ಹೇಳುತ್ತಿದ್ದೇನೆ.

ಮೂರನೇ ವರ್ಷ ಮುಗಿದ ಮೇಲೆ ಸರ್‌ಗೆ ನಮ್ಮಲ್ಲಿ ಕೆಲಸ ಮುಂದುವರಿಯಲಿಲ್ಲ. ಇನ್ನೊಂದು ಜಿಲ್ಲೆಗೆ ಹೋದರು. ಹಾಳೆಗಳು ಲೈಬ್ರರಿಯ ಕಂಪ್ಯೂಟರಿನಲ್ಲಿ ಉಳಿದವು, ಒಂದು ಪ್ರತಿ ಅವರ ಜೊತೆ ಹೋಯಿತು.

ಹೋದ ತಿಂಗಳು ಅವರಿಂದ ಒಂದು ಫೈಲ್ ಬಂತು. ಒಂಬತ್ತನೇ ಹಾಳೆ. ಮೂರನೇ ಲೆಕ್ಕದ ಉತ್ತರದಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿತ್ತಂತೆ, ಅವರ ಹೊಸ ಕ್ಲಾಸಿನ ಒಬ್ಬ ಹುಡುಗ ಹಿಡಿದಿದ್ದಾನೆ. ಅದನ್ನು ಸರಿ ಮಾಡಿದ್ದಾರೆ. ರಂಗೋಲಿ ಚುಕ್ಕಿಯ ಜಾಗದಲ್ಲಿ ಚೌಕಾಬಾರದ ಮನೆಗಳನ್ನು ಹಾಕಿದ್ದಾರೆ, ಅಲ್ಲಿಯ ಹುಡುಗರು ಅದನ್ನು ಚೆನ್ನಾಗಿ ಆಡುತ್ತಾರಂತೆ. ಪುಟದ ಅಡಿಯಲ್ಲಿ ಏನು ಬದಲಾಯಿಸಿದ್ದು ಅನ್ನುವ ಸಾಲು, ಅದರ ಪಕ್ಕದಲ್ಲಿ ಬಿವೈ-ಎಸ್‌ಎ. ಸೋಮವಾರ ಒಂಬತ್ತನೇ ಹಾಳೆಯ ಪಾಠ ಇದೆ. ಹಳೆಯ ಪ್ರತಿಗಳನ್ನು ತೆಗೆದಿಟ್ಟು ಇದನ್ನೇ 31 ಪ್ರತಿ ಮಾಡಿಸಿದ್ದೇನೆ.